ಅತ್ತೆಯ ಎಡಗೈ

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನಾನು ನನ್ನ ಅತ್ತೆಯ ಮೈಯಲ್ಲಿ ಮುಟ್ಟಿದ್ದು ಪಾದಗಳನ್ನು ಮಾತ್ರ. ಅದೂ ಹಬ್ಬಕ್ಕೊಮ್ಮೆ, ಬಗ್ಗಿ, ಬೆರಳ ತುದಿಯಲ್ಲಿ. ನಾನು ಬಟ್ಟೆ ಹೊಲಿಯುವವಳು. ಗುಬ್ಬಿ ಪೇಟೆಯ ಅರ್ಧ ಹೆಂಗಸರ ತೋಳು, ಸೊಂಟ, ಎದೆಯ ಅಳತೆ ನನಗೆ ಬಾಯಿಪಾಠ. ಒಂದೇ ಸೂರಿನ ಕೆಳಗಿದ್ದ ಅತ್ತೆ ಮಾತ್ರ ರವಿಕೆ ಹೊಲಿಸಬೇಕಾದಾಗ ಹಳೆಯದೊಂದನ್ನು ತಂದು ಮೆಷಿನ್ನಿನ ಮೇಲಿಟ್ಟು, ಇದೇ ಅಳತೆ ಎಂದು ಹೇಳಿ ಹೋಗಿಬಿಡುತ್ತಿದ್ದರು. ಮೈಗೆ ಟೇಪು ಹಿಡಿಯಲು ಬಿಟ್ಟವರೇ ಅಲ್ಲ. ನನಗೂ ಬೇಕಾಗಿರಲಿಲ್ಲ ಬಿಡಿ. ನನ್ನ ಸಿಟ್ಟು ನಮ್ಮ ಬೀದಿಗೆಲ್ಲ ಗೊತ್ತು. ಬೇಡ ಅಂದವರ ಹತ್ತಿರ ಇನ್ನೊಂದು ಸಲ ಹೋಗಿ ಕೇಳುವ ಜಾಯಮಾನ ನನ್ನದಲ್ಲ.

ಅಂಥ ನಾನು ಅವರ ಕೊನೆಯ ಹನ್ನೊಂದು ತಿಂಗಳಲ್ಲಿ ಅವರ ಮೈಯನ್ನು ನನ್ನ ಮೈಗಿಂತ ಚೆನ್ನಾಗಿ ತಿಳಿದುಕೊಂಡೆ. ಯಾವ ಮಗ್ಗುಲಿಗೆ ಎಷ್ಟು ಹೊತ್ತು, ಯಾವ ಮಂಡಿಯ ಕೆಳಗೆ ಯಾವ ದಿಂಬು, ಬೆನ್ನಿನ ಯಾವ ಮೂಳೆಯ ಮೇಲೆ ಚರ್ಮ ಬೇಗ ಕೆಂಪಾಗುತ್ತದೆ, ಎಲ್ಲ ಗೊತ್ತಿತ್ತು. ಈಗ ಅವರಿಲ್ಲ. ಮಂಚ ಇದ್ದ ಜಾಗಕ್ಕೆ ನನ್ನ ಮೆಷಿನ್ ವಾಪಸ್ಸು ಬಂದಿದೆ. ಆದರೂ ಹೊಲಿಯುತ್ತ ಕೂತವಳು ಎರಡು ಗಂಟೆಯಾಯಿತೆಂದರೆ ತಂತಾನೇ ಎದ್ದು ನಿಲ್ಲುತ್ತೇನೆ. ಯಾರನ್ನೋ ಮಗ್ಗುಲು ಬದಲಿಸಬೇಕು ಅನ್ನಿಸುತ್ತದೆ. ಆಮೇಲೆ ನೆನಪಾಗುತ್ತದೆ, ಮತ್ತೆ ಕೂರುತ್ತೇನೆ. ಆ ಹನ್ನೊಂದು ತಿಂಗಳು ಬೇಕು ಅನ್ನಿಸುತ್ತದೆ ನನಗೆ. ಹೇಳಿದರೆ ಜನ ತಲೆ ಕೆಟ್ಟಿದೆಯಾ ಅಂದುಕೊಳ್ಳುತ್ತಾರೆ.

ಅತ್ತೆಯದು ಲಿಂಗಾಯತ ಮನೆತನ, ತವರು ಹಾಗಲವಾಡಿ ಕಡೆ. ನನ್ನ ತವರು ಕುಣಿಗಲ್. ನಮ್ಮದು ಭಾನುವಾರ ಬಾಡಿನ ಸಾರು ಕುದಿಯದಿದ್ದರೆ ವಾರವೇ ಮುಗಿಯದ ಮನೆ. ನಾನೂ ನಮ್ಮ ಮನೆಯವರೂ ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಗ ಒಬ್ಬರಿಗೊಬ್ಬರು ಒಪ್ಪಿ ಮದುವೆಯಾದವರು. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಸೇರು ಒದೆಸಿಯೇ ಒಳಗೆ ಕರೆದುಕೊಂಡರು. ನಾನು ಬೇಯಿಸಿದ್ದನ್ನು ಉಂಡರು. ಆದರೆ ಬಂದ ಎರಡನೇ ವಾರವೋ ಏನೋ, ಅವರ ಪೂಜೆಗೆ ಇರಲಿ ಎಂದು ನಾನೊಂದು ತಂಬಿಗೆ ನೀರು ತುಂಬಿಕೊಂಡು ಹೋದೆ. ಅವರು ತಂಬಿಗೆ ತೆಗೆದುಕೊಳ್ಳಲಿಲ್ಲ. ಎದ್ದು ಬಂದು ಕೋಣೆಯ ಬಾಗಿಲನ್ನು ಮುಂದಕ್ಕೆ ತಳ್ಳಿ ಮುಚ್ಚಿದರು. ಮುಖಕ್ಕೆ ಹೊಡೆದ ಹಾಗಾಯಿತು. ನೀರನ್ನು ಬಚ್ಚಲಿಗೆ ಸುರಿದು ಬಂದು ಮೆಷಿನ್ ತುಳಿಯತೊಡಗಿದೆ. ಅವತ್ತಿನಿಂದ ಅವರ ಪೂಜೆಯ ಮೂಲೆಯ ಕಡೆ ನಾನು ತಲೆ ಹಾಕಲಿಲ್ಲ.

ಅವರ ಪೂಜೆ ದೊಡ್ಡದೇನಲ್ಲ. ಸ್ನಾನವಾದ ಮೇಲೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಕಟ್ಟಿಕೊಂಡಿದ್ದ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುವರು. ಬಲಗೈಯಿಂದ ಅದಕ್ಕೆ ನೀರು, ವಿಭೂತಿ, ಒಂದೆರಡು ಪತ್ರೆ. ಆಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ತಂದು ಅದನ್ನೇ ನೋಡುತ್ತ ಸ್ವಲ್ಪ ಹೊತ್ತು. ಇಷ್ಟೇ. ಆದರೆ ಇದಾಗದೆ ಒಂದು ಗುಟುಕು ಕಾಫಿಯೂ ಬಾಯಿಗೆ ಹೋಗುತ್ತಿರಲಿಲ್ಲ. ಮೈ ಕೆಂಡವಾಗಿ ಜ್ವರ ಬಂದ ದಿನವೂ ಇಲ್ಲ, ಮಾವ ತೀರಿಕೊಂಡ ಮರುದಿನವೂ ಇಲ್ಲ.

ಒಂದು ಬೆಳಿಗ್ಗೆ ಬಚ್ಚಲಿಂದ ಬರುತ್ತ ಅವರ ಎಡಗಾಲು ಕುಸಿಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಲಕ್ವ, ಎಡಭಾಗ ಪೂರ್ತಿ ಬಿದ್ದಿದೆ, ಮಾತು ಉಳಿದಿದೆ ಎಂದರು. ಮಾತು ಸ್ವಲ್ಪ ತೊದಲುತ್ತಿತ್ತು, ಅಷ್ಟೆ. ಇನ್ನೊಂದು ವಿಚಿತ್ರವನ್ನೂ ಡಾಕ್ಟರು ಹೇಳಿದರು. ಕೈಕಾಲು ಮಾತ್ರ ಹೋಗಿದ್ದಲ್ಲ, ಎಡಗಡೆ ಅನ್ನುವುದರ ಲಕ್ಷ್ಯವೇ ಅವರಿಗೆ ಹೋಗಿತ್ತು. ಎಡಗಡೆ ನಿಂತು ಮಾತಾಡಿಸಿದರೆ ಬಲಗಡೆ ಹುಡುಕುತ್ತಿದ್ದರು. ತಟ್ಟೆಯ ಬಲ ಅರ್ಧದ ಅನ್ನ ಮಾತ್ರ ಉಣ್ಣುತ್ತಿದ್ದರು. ಅವರ ಎಡಗೈಯನ್ನೇ ತೋರಿಸಿ ಇದು ಯಾರ ಕೈ ಎಂದು ಕೇಳಿದರೆ ಸುಮ್ಮನಾಗಿಬಿಡುತ್ತಿದ್ದರು. ಆಸ್ಪತ್ರೆಯಲ್ಲಿ ಮಗ ತನ್ನ ಕೈಯಲ್ಲಿ ಲಿಂಗ ಹಿಡಿದು ತೋರಿಸಿದ್ದಕ್ಕೆ ಹೇಗೋ ಒಪ್ಪಿದ್ದರು. ಮನೆಗೆ ಬಂದ ಮೊದಲ ದಿನವೇ ಹೇಳಿದರು, ತನ್ನನ್ನು ಎಬ್ಬಿಸಿ ಕೂರಿಸಬೇಕು, ತನ್ನ ಎಡ ಅಂಗೈಯಲ್ಲೇ ಪೂಜೆಯಾಗಬೇಕು, ಅಲ್ಲಿಯತನಕ ಏನೂ ಬೇಡ ಅಂತ. ಸಕ್ಕರೆ ಕಾಯಿಲೆಯವರು. ಹೊತ್ತಿಗೆ ಸರಿಯಾಗಿ ಮಾತ್ರೆ, ಹೊತ್ತಿಗೆ ಸರಿಯಾಗಿ ತಿಂಡಿ ಬಿದ್ದಿಲ್ಲವೆಂದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಬಲಗೈಯಲ್ಲಿ ಇಟ್ಟುಕೊಳ್ಳಿ ಎಂದರೆ, ಪೂಜೆ ಮಾಡುವುದು ಯಾವ ಕೈಯಲ್ಲಿ ಎಂದು ಕೇಳಿದರು. ಹಾಗಾಗಿ ನಮ್ಮ ಮನೆಯವರೇ ಬೆಳಿಗ್ಗೆ ಅವರ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ, ಗೋಡೆಗೆ ಒರಗಿಸಿ, ಬಿದ್ದಿದ್ದ ಎಡಗೈಯನ್ನು ಕೆಳಗಿನಿಂದ ಹಿಡಿದುಕೊಳ್ಳುತ್ತಿದ್ದರು. ಅದರ ಮೇಲೆ ಅತ್ತೆ ಲಿಂಗ ಇಟ್ಟುಕೊಳ್ಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ಇರುತ್ತಿದ್ದೆ. ಅವರಿಗೆ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿಯಿದ್ದ ವಾರ ಹೀಗೆ ನಡೆಯಿತು. ಮೊದಲ ಪಾಳಿಯ ವಾರ ಬಂತು ನೋಡಿ, ಅವರು ಐದು ಗಂಟೆಗೆಲ್ಲ ಮನೆ ಬಿಡಬೇಕು, ಬರುವುದು ಮಧ್ಯಾಹ್ನ ಮೂರಕ್ಕೆ. ಅಷ್ಟು ಮುಂಚೆ ಎಬ್ಬಿಸಲು ಹೋದರೆ ಅತ್ತೆಗೆ ತಲೆ ನಿಲ್ಲುತ್ತಿರಲಿಲ್ಲ. ಮೂರರವರೆಗೆ ಉಪವಾಸ.

ಆ ವಾರದ ಎರಡನೇ ದಿನ ನಡೆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹತ್ತು ಗಂಟೆಯ ಹೊತ್ತು. ಇಡ್ಲಿ ಆರಿಹೋಗಿತ್ತು. ಇಬ್ಬರು ಗಿರಾಕಿಗಳು ಬಾಗಿಲಲ್ಲಿ ನಿಂತು, ಬ್ಲೌಸ್ ಆಗಿಲ್ಲವಾ ಎಂದು ಮುಖ ಮುರಿದು ಹೋಗಿದ್ದರು. ಅತ್ತೆಯ ಹಣೆಯಲ್ಲಿ ಬೆವರು ಕಂಡಿತು. ಸಕ್ಕರೆ ಇಳಿಯುತ್ತಿದೆ ಎಂದು ನನಗೆ ಗೊತ್ತಾಯಿತು. ಒಂದು ಚಮಚ ಸಕ್ಕರೆ ನೀರು ತಂದರೆ ತುಟಿ ಬಿಗಿ ಹಿಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಪೂಜೆ ತಾನೇ, ಮಾಡಿ, ಎಂದವಳೇ ಹೊಟ್ಟೆಯ ಮೇಲೆ ಬಿದ್ದಿದ್ದ ಕೈ ಹಿಡಿದು ಎಳೆದೆ. ಅದು ಎಡಗೈ. ಮೈ ಮೇಲಕ್ಕೆ ಬರಲಿಲ್ಲ, ಕೈ ಮಾತ್ರ ಬಂತು. ಭುಜದಲ್ಲಿ ಏನೋ ಕಳಕ್ ಎಂದಿತು. ಅತ್ತೆ ಕಿರುಚಲಿಲ್ಲ. ಕಣ್ಣು ಮುಚ್ಚಿಕೊಂಡು ಶಿವನೇ ಎಂದರು. ಮೆಲ್ಲಗೆ ಮಲಗಿಸಿದೆ. ಆಗ ಅವರೇ ಬಾಯಿ ತೆರೆದು ಸಕ್ಕರೆ ನೀರು ಕುಡಿದರು. ಪೂಜೆಯಿಲ್ಲದೆ ಅವರು ಏನಾದರೂ ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಹೆದರಿ ಕುಡಿದರು ಅಂತ ನನಗೆ ಅನ್ನಿಸಿತು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮರುದಿನ ಭುಜ ಊದಿತ್ತು. ಅವತ್ತೇ ಸಂಜೆ, ನಮ್ಮ ಮನೆಯವರು ಕೆಲಸದಿಂದ ಬಂದ ಮೇಲೆ, ಫಿಸಿಯೋಥೆರಪಿಯವರು ಮೊದಲ ಸಲ ಮನೆಗೆ ಬಂದರು. ಮೂವತ್ತೋ ಮೂವತ್ತೆರಡೋ ವಯಸ್ಸಿನ ಹೆಣ್ಣುಮಗಳು, ತುಮಕೂರಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದರು, ನಮ್ಮಲ್ಲಿ ಮುಗಿಸಿಕೊಂಡು ನಿಟ್ಟೂರಿಗೆ ಇನ್ನೊಬ್ಬರ ಮನೆಗೆ ಹೋಗುತ್ತಿದ್ದರು. ಅವರು ಭುಜದ ಮೇಲೆ ಎರಡು ಬೆರಳಿಟ್ಟು ನೋಡಿ ಮುಖ ಗಂಟಿಕ್ಕಿದರು. ಬಿದ್ದ ಕಡೆಯ ಭುಜಕ್ಕೆ ಹಿಡಿದುಕೊಳ್ಳುವ ಶಕ್ತಿಯೇ ಇರುವುದಿಲ್ಲ, ಎಳೆದರೆ ಕೀಲು ಜಾರುತ್ತದೆ, ಇದನ್ನು ಯಾರು ಎಳೆದದ್ದು ಎಂದು ಕೇಳಿದರು. ನಮ್ಮ ಮನೆಯವರು ನನ್ನ ಕಡೆ ನೋಡಿದರು.

ಅತ್ತೆ ಹೇಳಿದರು, "ಯಾರೂ ಎಳೀಲಿಲ್ಲ ಕಣ್ ಮಗಾ. ನಾನೇ ಮೈ ಕೆಳಕ್ ಹಾಕ್ಕಂಡ್ ಮಲ್ಗ್‌ಬುಟ್ಟಿದ್ದೆ."

ಸುಳ್ಳು. ಹುಟ್ಟಿದಾಗಿನಿಂದ ಸುಳ್ಳು ಹೇಳಿದವರಲ್ಲ ಎಂದು ಊರೇ ಹೇಳುತ್ತಿದ್ದ ಹೆಂಗಸು, ಹಣೆಯಲ್ಲಿ ವಿಭೂತಿ ಇಟ್ಟುಕೊಂಡು ನನಗೋಸ್ಕರ ಸುಳ್ಳು ಹೇಳಿದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಪಾಠ ಶುರುವಾಯಿತು. ಮೊದಲ ಜಗಳ ಮಂಚದ್ದು. ಮಂಚ ಇದ್ದದ್ದು ಅತ್ತೆಯ ಎಡಮಗ್ಗುಲು ಗೋಡೆಗೆ ಬರುವ ಹಾಗೆ, ಗೋಡೆಗೆ ಅಂಟಿಕೊಂಡು. ಬಂದವರೆಲ್ಲ ಬಲಗಡೆಯೇ ಕೂರುವುದು, ಊಟ ಬಲಗಡೆಯಿಂದ, ಟೀವಿ ಬಲಗಡೆ. ಹೀಗಾದರೆ ಅಜ್ಜಿ ಎಡಗಡೆಯನ್ನು ಪೂರ್ತಿ ಮರೆತೇಬಿಡುತ್ತಾರೆ, ಎಡಗಡೆಯಿಂದಲೇ ಮಾತಾಡಿಸಬೇಕು, ಆಚೆ ತುದಿಗೆ ತಲೆ ಹಾಕಿ ಮಲಗಿಸಿ ಸಾಕು ಎಂದರು ಆಕೆ. ಆಚೆ ತುದಿ ಅಂದರೆ ಉತ್ತರ. ಬದುಕಿರುವವರನ್ನು ಯಾರಾದರೂ ಉತ್ತರಕ್ಕೆ ತಲೆ ಮಾಡಿ ಮಲಗಿಸುತ್ತಾರೆಯೇ? ನಮ್ಮ ಮನೆಯವರು ಎರಡೂ ಕಿವಿ ಮುಚ್ಚಿಕೊಂಡರು. ಆ ಒಂದು ವಿಷಯದಲ್ಲಿ ಹಾಗಲವಾಡಿಯೂ ಕುಣಿಗಲ್ಲೂ ಒಂದೇ, ನಾನೂ ಆಗಲ್ಲ ಎಂದೆ. ಕೊನೆಗೆ ಎದುರು ಗೋಡೆಯ ಹತ್ತಿರವಿದ್ದ ನನ್ನ ಹೊಲಿಗೆ ಮೆಷಿನ್ ಜಗುಲಿಗೆ ಹೋಯಿತು, ಆ ಜಾಗಕ್ಕೆ ಮಂಚ ಬಂತು. ತಲೆ ದಕ್ಷಿಣಕ್ಕೇ ಉಳಿಯಿತು, ಎಡಮಗ್ಗುಲು ತೆರೆದುಕೊಂಡಿತು. ನನ್ನ ಬೆನ್ನು ಉಳಿಯಲಿ ಎಂದು ಮಂಚದ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು ಎತ್ತರಿಸಿದರು.

ಎರಡನೆಯದು, ಎಳೆಯಬಾರದು, ಎತ್ತಲೂಬಾರದು. ದಿಂಬಿನ ಕಡೆಗೆ ಮೇಲಕ್ಕೆ ಸರಿಸಬೇಕಾದಾಗ ಎಲ್ಲರೂ ಕಂಕುಳಿಗೆ ಕೈ ಹಾಕಿ ಎಳೆಯುತ್ತಾರೆ, ಕೆಳಗೆ ಚರ್ಮ ಹಾಸಿಗೆಗೆ ಉಜ್ಜಿ ಹುಣ್ಣಾಗುತ್ತದೆ ಎಂದರು. ಅದಕ್ಕೆ ಭುಜದಿಂದ ತೊಡೆಯವರೆಗೆ ಬರುವ ಹಾಗೆ ಒಂದು ಗಟ್ಟಿ ಬಟ್ಟೆಯನ್ನು ಮೈ ಕೆಳಗೆ ಹಾಸಿರಬೇಕು, ಇಬ್ಬರು ಆಚೆ ಈಚೆ ಅಂಚು ಸುತ್ತಿ ಹಿಡಿದು ಜಾರಿಸಬೇಕು. ನಾನು ನನ್ನದೊಂದು ಹಳೇ ಕಾಟನ್ ಸೀರೆ ತೆಗೆದು ನಾಲ್ಕು ಮಡಿಕೆ ಮಾಡಿ, ಸುತ್ತ ಹೊಲಿಗೆ ಹಾಕಿ, ಎರಡೂ ಕಡೆಗೆ ಚೀಲಕ್ಕಿರುವಂಥ ಹಿಡಿಗಳನ್ನು ಡಬಲ್ ಹೊಲಿಗೆಯಲ್ಲಿ ಕೂರಿಸಿದೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಮ್ಮ ಬೇರೆ ಪೇಷೆಂಟುಗಳಿಗೂ ಹೊಲಿದುಕೊಡಿ ಅಕ್ಕ ಎಂದರು. ಅತ್ತೆ ಮಾತ್ರ ಸೀರೆಯ ಬಣ್ಣ ನೋಡಿ, ಈ ಗಿಣಿಹಸಿರು ನಿನಗೆ ಯಾವತ್ತೂ ಒಪ್ಪುತ್ತಿರಲಿಲ್ಲ, ಈಗ ಸರಿಯಾದ ಜಾಗಕ್ಕೆ ಬಂತು ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಗೇಲಿ ಮಾಡಿದ್ದು ಅದೇ ಮೊದಲು. ಸಿಟ್ಟು ಬರಬೇಕಿತ್ತು. ನಗು ಬಂತು.

ಮೂರನೆಯದೇ ಕಷ್ಟದ್ದು. ಮಗ್ಗುಲಿಗೆ ತಿರುಗುವುದು.

"ಅಜ್ಜೀನ ನೀವ್ ತಿರುಗಿಸ್ಬೇಡಿ ಅಕ್ಕ, ಅಜ್ಜೀನೇ ತಿರುಗ್ತಾರೆ. ನೀವ್ ಜೊತೆಗಿರಿ ಅಷ್ಟೆ."

ಮೊದಲು ಹೇಳಬೇಕು, ಈಗ ಈ ಕಡೆ ತಿರುಗುತ್ತೇವೆ ಅಂತ. ಅವರು ಮುಖವನ್ನು ಆ ಕಡೆ ಮಾಡಬೇಕು. ಬಲಗೈಯಿಂದ ಎಡಗೈಯನ್ನು ತಾವೇ ಹುಡುಕಿ ಬೆರಳಿಗೆ ಬೆರಳು ಹೆಣೆದುಕೊಂಡು ಎರಡೂ ಕೈಯನ್ನು ಎದುರಿಗೆ ಚಾಚಬೇಕು. ಮಂಡಿ ಮಡಿಸಬೇಕು, ಬೀಳುವ ಎಡ ಮಂಡಿಯನ್ನು ನಾನು ಆನಿಸಿ ಹಿಡಿಯಬೇಕು. ನನ್ನ ಒಂದು ಕೈ ಅವರ ಭುಜದ ಹಿಂದೆ, ಹೆಗಲ ಮೂಳೆಯ ಮೇಲೆ, ಇನ್ನೊಂದು ಸೊಂಟದ ಮೇಲೆ. ಆಮೇಲೆ ಒಂದು, ಎರಡು, ಮೂರು ಎಂದು ಅವರೇ ಎಣಿಸಬೇಕು. ಮೂರಕ್ಕೆ ಇಬ್ಬರೂ ಒಟ್ಟಿಗೆ.

ಅತ್ತೆ ಎಣಿಸಲು ಒಪ್ಪಲಿಲ್ಲ. ಸಂತೆಯಲ್ಲಿ ಕಾಯಿ ಎಣಿಸಿದ ಹಾಗೆ ಮೈಯನ್ನು ಎಣಿಸುವುದೇನು ಎಂದು, ನಮಃ ಶಿವಾಯ ಎನ್ನತೊಡಗಿದರು. ಐದಕ್ಷರ. ನ, ಮಃ, ಶಿ, ವಾ, ಯ. ಯ ಎನ್ನುವಾಗ ತಿರುಗಬೇಕು. ಮೊದಲೆರಡು ದಿನ ನಾನು ಮೂರಕ್ಕೇ ತಳ್ಳಿಬಿಡುತ್ತಿದ್ದೆ, ಅವರಿನ್ನೂ ಶಿ ಯಲ್ಲಿ ಇರುತ್ತಿದ್ದರು. ಯಾಕಿಷ್ಟು ಅವಸರ, ರೈಲು ಹೊರಟುಹೋಗುತ್ತಾ ಎಂದು ಬೈಯುವರು. ಎರಡು ವಾರದಲ್ಲಿ ನಮ್ಮಿಬ್ಬರ ಉಸಿರು ಹೊಂದಿಕೊಂಡಿತು. ಯ ಬರುವ ಮೊದಲೇ ಅವರ ಹೆಗಲು ನನ್ನ ಅಂಗೈಯಲ್ಲಿ ಹೇಳುತ್ತಿತ್ತು.

ಮುಟ್ಟದವರನ್ನು ಮುಟ್ಟುವುದು ಸುಲಭವಲ್ಲ. ಮೊದಲ ದಿನಗಳಲ್ಲಿ ಅವರೂ ಮೈ ಬಿಗಿ ಹಿಡಿಯುತ್ತಿದ್ದರು, ನಾನೂ ಮುಖ ಬೇರೆ ಕಡೆ ಮಾಡುತ್ತಿದ್ದೆ. ಮೈ ಒರೆಸುವುದು, ತಲೆ ಬಾಚುವುದು, ಮಲ ಮೂತ್ರ, ಯಾವುದನ್ನು ಬಿಡಲಾಗುತ್ತದೆ? ಹೋಗ್ತಾ ಹೋಗ್ತಾ ನಾಚಿಕೆ ಎಲ್ಲೋ ಕಳಚಿಹೋಯಿತು. ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಪೌಡರ್ ಹಾಕುತ್ತಿದ್ದಾಗ ಅವರು ಗೋಡೆ ನೋಡುತ್ತ ಹಳೆಯದೆಲ್ಲ ಹೇಳುವರು. ಹಾಗಲವಾಡಿಯ ಹೊಲ, ಅವರಪ್ಪನ ಎತ್ತಿನ ಜೋಡಿ, ಹದಿನಾರು ವರ್ಷಕ್ಕೆ ಈ ಮನೆಗೆ ಬಂದಾಗ ತಮ್ಮ ಅತ್ತೆ ಒಂದು ವರ್ಷ ಮಾತೇ ಆಡಿಸದಿದ್ದದ್ದು. ಮುಖ ಕಾಣದಿದ್ದರೆ ಮಾತು ಸಲೀಸು. ನಾನೂ ಕುಣಿಗಲ್ಲಿನ ನನ್ನವ್ವನ ಬಗ್ಗೆ ಹೇಳಿದೆ. ಭಾನುವಾರದ ಸಾರಿಗೆ ಏನೇನು ಅರೆದು ಹಾಕುತ್ತೀರಿ ಎಂದು ಅವರು ಒಮ್ಮೆ ಕೇಳಿದರು. ಹೇಳಿದೆ. ಕೊಬ್ಬರಿ ಜಾಸ್ತಿಯಾಯಿತು ಎಂದರು. ತಿನ್ನದ ಸಾರಿಗೂ ತಪ್ಪು ಹುಡುಕುವ ಬಾಯಿ ಅದು.

ಎರಡು ತಿಂಗಳಾಗುವ ಹೊತ್ತಿಗೆ ಒಬ್ಬಳೇ ಅವರನ್ನು ಕೂರಿಸಲು ನನಗೆ ಬಂತು. ಹಾಗಾಗಿ ಪೂಜೆಗೆ ಮಗನ ಪಾಳಿ ಕಾಯಬೇಕಿರಲಿಲ್ಲ. ಆದರೆ ಕೈ? ಎಡ ಬೆರಳುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಫಿಸಿಯೋ ಮೇಡಂ ಹೇಳಿದ ಹಾಗೆ ಮಣಿಕಟ್ಟನ್ನು ಮೆಲ್ಲಗೆ ಬಗ್ಗಿಸಿ, ಹೆಬ್ಬೆರಳ ಬುಡದಿಂದ ನೇವರಿಸಿದರೆ ಅಂಗೈ ಬಿಚ್ಚುತ್ತಿತ್ತು. ಮಧ್ಯೆ ತಗ್ಗಿರುವ ಒಂದು ಪುಟ್ಟ ದಿಂಬು ಹೊಲಿದೆ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಬಿಚ್ಚಿದ ಅಂಗೈ, ಪಕ್ಕದಲ್ಲಿ ನೀರು, ವಿಭೂತಿ, ಪತ್ರೆ. ಇಷ್ಟು ಮಾಡಿ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ನನ್ನ ಕೆಲಸ ದಿಂಬಿನವರೆಗೆ. ಕರಡಿಗೆ ಬಿಚ್ಚುವುದು, ಲಿಂಗ ಇಡುವುದು, ವಾಪಸ್ಸು ಕಟ್ಟುವುದು ಎಲ್ಲ ಅವರ ಬಲಗೈಯದು. ಅವರೂ ನಿಲ್ಲು ಎನ್ನಲಿಲ್ಲ, ನಾನೂ ನಿಲ್ಲಲಿಲ್ಲ.

ಹೀಗೆ ಸುಮಾರು ದಿನ ನಡೆಯಿತು. ಒಂದು ಬೆಳಿಗ್ಗೆ ಒಗ್ಗರಣೆ ಹಾಕುತ್ತಿದ್ದೆ. ಒಳಗಿನಿಂದ ಅತ್ತೆ ನನ್ನನ್ನು ಕೂಗಿದರು. ಆ ದನಿ ನಾನು ಕೇಳಿರದ ದನಿ. ಓಡಿ ಬಂದೆ. ಅಂಗೈ ತಟ್ಟನೆ ಮಡಚಿಕೊಂಡಿತ್ತು, ದಿಂಬು ವಾಲಿತ್ತು, ಲಿಂಗ ಉರುಳಿಹೋಗಿತ್ತು. ಅತ್ತೆ ಬಲಗೈಯಿಂದ ತೊಡೆಯ ಮೇಲೆ, ಬಲಗಡೆಯ ಹಾಸಿಗೆಯ ಮೇಲೆ ತಡಕಾಡುತ್ತಿದ್ದರು. ಲಿಂಗ ಮೈ ಬಿಟ್ಟರೆ ಜೀವವೇ ಬಿಟ್ಟ ಹಾಗೆ ಎಂದು ನಂಬಿದ್ದವರು.

ನನಗೆ ಕಂಡಿತು. ಅವರ ಎಡ ಸೊಂಟದ ಪಕ್ಕ, ಆ ಗಿಣಿಹಸಿರು ಸೀರೆಯ ಮಡಿಕೆಯಲ್ಲಿ ಕೂತಿತ್ತು. ನಾನು ನಿಂತಲ್ಲಿಂದ ಒಂದು ಗೇಣು. ಬಗ್ಗಿದರೆ ಸಿಗುತ್ತಿತ್ತು. ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.

ಎಡಗಡೆ ಇದೆ ಎಂದೆ.

"ಎಡಗಡೆ ಏನೂ ಇಲ್ಲ ಕಣೇ," ಎಂದರು ಅತ್ತೆ. ನಿಜವಾಗಿ ಅವರ ಪಾಲಿಗೆ ಇರಲಿಲ್ಲ. ಅಳುತ್ತಿದ್ದರು.

ಎತ್ತಿಕೊಟ್ಟರೆ ಮುಟ್ಟಿದೆ ಅಂದಾರು, ಬಿಟ್ಟರೆ ಸಕ್ಕರೆ ಇಳಿದು ಹೋದಾರು. ನಮ್ಮ ಮನೆಯವರು ಬರಲು ಇನ್ನೂ ಆರು ಗಂಟೆ ಇತ್ತು. ಪಕ್ಕದ ಮನೆಯವರನ್ನು ಕೂಗೋಣವೆಂದರೆ ಬಾಗಿಲಿಗೆ ಬೀಗ. ಆಗ ಒಂದು ಯೋಚನೆ ಬಂತು. ಒರಗಿಸಿದ್ದ ದಿಂಬುಗಳನ್ನು ಒಂದೊಂದಾಗಿ ತೆಗೆದು, ಹೆಗಲ ಹಿಂದೆ ಕೈ ಕೊಟ್ಟು, ಅಂಗಾತ ಮಲಗಿಸಿದೆ. ಮಂಚದ ಎಡಗಡೆಗೆ ನಿಂತು, ಮುಖ ನನ್ನ ಕಡೆ ಮಾಡಿ, ಅತ್ತೆ, ಎಂದೆ. ಬಲಗಡೆ ನೋಡಿದರು. ನನ್ನ ದನಿ ಎಲ್ಲಿಂದ ಬರುತ್ತಿದೆಯೋ ಆ ಕಡೆಗೆ ಬನ್ನಿ ಎಂದೆ. ಕತ್ತು ಇಷ್ಟಿಷ್ಟೇ ಬಂತು. ಬಲ ಮಂಡಿ ಮಡಿಸಿ ಎಂದೆ. ಮಡಿಸಿದರು. ಎಡ ಮಂಡಿ ನಾನು ಹಿಡಿದೆ. ಕೈ ಹುಡುಕಿ ಎಂದೆ. ಬಲಗೈ ಹೊಟ್ಟೆಯ ಮೇಲೆ ಹರಿದುಕೊಂಡು ಹೋಗಿ ಎಡಗೈಯನ್ನು ಹಿಡಿಯಿತು.

ಹೇಳಿ ಎಂದೆ.

ನ, ಮಃ, ಶಿ, ವಾ. ಯ ಎನ್ನುವಾಗ ನಾನು ಕೈ ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲವೋ, ಕೈಯೇ ಏಳಲಿಲ್ಲವೋ ಗೊತ್ತಿಲ್ಲ. ಅವರೇ ತಿರುಗಿದರು. ಬಲ ಸೊಂಟ ಎದ್ದಿತು, ಬಲ ಹೆಗಲು ಎದ್ದಿತು, ಇಡೀ ಮೈ ನನ್ನ ಕಡೆಗೆ ಮಗುಚಿತು. ಮಂಚದ ಅಂಚಿಗೆ ನನ್ನ ತೊಡೆ ಆನಿಸಿ ನಿಂತಿದ್ದೆ, ಬೀಳದಿರಲಿ ಅಂತ. ಕಣ್ಣು ಬಿಟ್ಟು ನೋಡಿದರು. ಅಲ್ಲೇ, ಸೊಂಟದ ಮುಂದೆ, ಮೂರು ತಿಂಗಳಿಂದ ಇಲ್ಲದೇ ಇದ್ದ ಎಡಗಡೆಯಲ್ಲಿ ಅದು ಇತ್ತು. ಬಲಗೈ ಬಿಡಿಸಿಕೊಂಡು ಎತ್ತಿಕೊಂಡರು. ಕಣ್ಣಿಗೆ ಒತ್ತಿಕೊಂಡರು. ನಾವಿಬ್ಬರೂ ಅಳುತ್ತಿದ್ದೆವು. ಒಲೆಯ ಮೇಲೆ ಒಗ್ಗರಣೆ ಸೀದು ಹೊಗೆ ತುಂಬಿತ್ತು, ಅದಕ್ಕೂ ಕೆಮ್ಮುತ್ತಿದ್ದೆವು.

ಒಲೆ ಆರಿಸಿ ಬಂದ ಮೇಲೆ ಅವರು ಕೇಳಿದರು, "ಅಲ್ಲೇ ನಿಂತಿದ್ಯಲ್ಲ. ಯಾಕ್ ಎತ್‌ಕೊಡ್ಲಿಲ್ಲ?"

"ನೀವು ಮುಟ್ಬೇಡ ಅಂದಿದ್ರಲ್ಲ ಅತ್ತೆ."

"ನಾನ್ಯಾವಾಗ್ ಅಂದೆ?"

ಮಾತಿನಲ್ಲಿ ಅವರು ಯಾವತ್ತೂ ಅಂದಿರಲಿಲ್ಲ. ಒಂದು ಬಾಗಿಲು ತಳ್ಳಿದ್ದರು, ಅಷ್ಟೆ. ಅದನ್ನೇ ಹೇಳಿದೆ. ನೆನಪಿದೆಯಾ ಎಂದು ಕೇಳಿದೆ, ನನ್ನ ದನಿಯಲ್ಲಿ ಸಿಟ್ಟಿತ್ತು. ನೆನಪಿದೆ ಎಂದರು.

"ಅವತ್ ಮನ್ಸು ಹಂಗಿತ್ತು. ಆಮ್ಯಾಕ್ ಹೋಯ್ತು. ಹೋಯ್ತು ಅಂತ ಹೇಳಾಕೆ ಬಾಯ್ ಬರ್ಲಿಲ್ಲ. ನೀನೂ ಬರ್ಲಿಲ್ಲ."

ನನಗೆ ಒಮ್ಮೆಲೇ ಬಂದ ಸಿಟ್ಟು ಎಷ್ಟೆಂದರೆ, ಅವರನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಇಪ್ಪತ್ತೆರಡು ವರ್ಷ. ಎಷ್ಟು ಬೆಳಗುಗಳು. ಯಾವಾಗ ಹೋಯಿತು ಅದು, ನಾಲ್ಕನೇ ವರ್ಷಕ್ಕೋ, ಮಾವ ತೀರಿಕೊಂಡಾಗಲೋ? ನಾನೂ ಒಂದು ಸಲ, ಒಂದೇ ಒಂದು ಸಲ ತಂಬಿಗೆ ಹಿಡಿದು ಹೋಗಿದ್ದರೆ? ಆದರೆ ಯಾರನ್ನು ಬೈಯುವುದು? ಅವರಿಗೂ ಹಸಿವಾಗಿತ್ತು, ಹೊತ್ತಾಗಿತ್ತು. ಏಳಿ, ಪೂಜೆ ಮುಗಿಸಿ ಎಂದೆ. ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಹೆಗಲ ಹಿಂದೆ ಕೈ ಕೊಟ್ಟೆ. ಅವರು ಬಲಗೈ ಊರಿ ಎದ್ದು ಕೂತರು. ದಿಂಬು ಸರಿಮಾಡಲು ಹೋದೆ. ದಿಂಬು ಬೇಡ ಎಂದರು. ನನ್ನ ಕೈ ಹಿಡಿದು ತಮ್ಮ ಎಡ ಅಂಗೈಯ ಕೆಳಗೆ ಇಟ್ಟುಕೊಂಡರು.

ಆಮೇಲೆ ಎಂಟು ತಿಂಗಳು ದಿನಾ ಹಾಗೆಯೇ. ಮೇಲೆ ಅವರ ಅಂಗೈ, ಕೆಳಗೆ ನನ್ನದು. ಅವರು ಎರೆದ ನೀರು ಅವರ ಬೆರಳ ಸಂದಿಯಿಂದ ಇಳಿದು ನನ್ನ ಅಂಗೈಗೆ ಬಂದು ಮಣಿಕಟ್ಟಿನವರೆಗೆ ಹರಿಯುತ್ತಿತ್ತು. ಅವರು ಲಿಂಗವನ್ನು ನೋಡುವರು, ನಾನು ಅವರನ್ನು ನೋಡುವೆ. ನನಗೆ ದೇವರ ವಿಷಯ ಅಷ್ಟು ತಿಳಿಯದು. ಹೆಬ್ಬೆರಳು ಯಾವಾಗ ಬಿಗಿಯುತ್ತದೆ, ಮಣಿಕಟ್ಟನ್ನು ಯಾವಾಗ ಸಡಿಲ ಬಿಡಬೇಕು, ಅದು ತಿಳಿಯುತ್ತಿತ್ತು. ಕೈಯಂತೂ ಸರಿಯಾಗಲೇ ಇಲ್ಲ. ಕಾಲಿನಲ್ಲಿ ಸ್ವಲ್ಪ ಶಕ್ತಿ ಬಂತು, ಮೇಡಂ ಹಿಡಿದುಕೊಂಡರೆ ಬಾಗಿಲತನಕ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಭುಜದ ನೋವು ಮಾತ್ರ ಪೂರ್ತಿ ಹೋಗಲಿಲ್ಲ. ಚಳಿಯ ದಿನಗಳಲ್ಲಿ ಹಲ್ಲು ಕಚ್ಚಿಕೊಳ್ಳುತ್ತಿದ್ದರು, ನಾನು ಕೇಳಿದರೆ ಏನೂ ಇಲ್ಲ ಬುಡು ಎನ್ನುತ್ತಿದ್ದರು. ಅದು ನಾನು ಎಳೆದ ಭುಜ. ಅವರ ಮುಂದೆ ನಾನು ತಪ್ಪಾಯಿತು ಎಂದು ಒಂದು ದಿನವೂ ಹೇಳಲಿಲ್ಲ. ಹೇಳಾಕೆ ಬಾಯಿ ಬರಲಿಲ್ಲ.

ಲಕ್ವ ಎರಡನೇ ಸಲ ಬಂದದ್ದು ಜೋರಾಗಿ ಬಂತು. ಒಂದೂವರೆ ದಿನ ಅಷ್ಟೆ.

ಅತ್ತೆಯವರಲ್ಲಿ ಸುಡುವುದಿಲ್ಲ. ಗುಂಡಿಯೊಳಗೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಪತ್ರೆ ತುಂಬಿ ಮಣ್ಣು ಮಾಡುತ್ತಾರೆ. ನಾನು ಗುಂಡಿಯ ಅಂಚಿನಲ್ಲಿ ನಿಂತಿದ್ದೆ. ಕೆಳಗೆ ನಮ್ಮ ಮನೆಯವರು ಮತ್ತು ಅವರ ಕಡೆಯ ಇಬ್ಬರು ಗಂಡಸರು. ಮೇಲಿನಿಂದ ಇಳಿಸಿಕೊಂಡರು. ಕೂರಿಸುವಾಗ ಮೈ ಎಡಕ್ಕೆ ವಾಲಿತು. ಒಬ್ಬರು ಸರಿಯಾಗಿ ಕೂರಿಸೋಣವೆಂದು ಎಡಗೈಯ ಮಣಿಕಟ್ಟು ಹಿಡಿದು ಎಳೆದರು.

"ಎಡಗೈ ಎಳೀಬೇಡ್ರಪ್ಪ, ಅವ್ರಿಗೆ ನೋವಾಗುತ್ತೆ," ಅಂದುಬಿಟ್ಟೆ.

ಅಳುತ್ತಿದ್ದವರು ನಿಲ್ಲಿಸಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಕೆಳಗಿದ್ದವರು ಮಣಿಕಟ್ಟು ಬಿಟ್ಟರು. ನಾನು ಏನು ಅಂದೆ ಎಂದು ನನಗೇ ಆಮೇಲೆ ತಿಳಿಯಿತು. ತಿದ್ದಿಕೊಳ್ಳಲು ಹೋಗಲಿಲ್ಲ. ನಮ್ಮ ಮನೆಯವರು ಅವ್ವನನ್ನು ಎದೆಗೆ ಆನಿಸಿಕೊಂಡು ತಲೆಯೆತ್ತಿ ನೋಡಿದರು.

"ಎಲ್ಲಿ ಹಿಡೀಬೇಕು ಹೇಳು," ಎಂದರು.

ಹೇಳಿದೆ. ಒಂದು ಕೈ ಹೆಗಲ ಹಿಂದೆ, ಮೂಳೆಯ ಮೇಲೆ. ಇನ್ನೊಂದು ಮೊಣಕೈ ಕೆಳಗೆ. ಮಣಿಕಟ್ಟು ಮೆಲ್ಲಗೆ ಬಗ್ಗಿಸಿ, ಹೆಬ್ಬೆರಳ ಬುಡದಿಂದ ನೇವರಿಸಿ. ಅವರು ಹಾಗೇ ಮಾಡಿದರು. ಅಂಗೈ ಬಿಚ್ಚಿತು.